ಹುಡುಕು ಚೌಕದ ಚರಿತ್ರೆ

ಕನ್ನಡ ವಿಕಿಪೀಡಿಯವನ್ನು ತೆರೆದು, ಪುಟದ ಮೇಲ್ಭಾಗದಲ್ಲಿರುವ ಹುಡುಕು ಚೌಕದಲ್ಲಿ ‘ಗುರು’ ಎಂದು ಬೆರಳಚ್ಚು ಮಾಡಿ. ನೀವು ಎಂಟರ್ ಒತ್ತುವ ಮೊದಲೇ ಆ ಅಕ್ಷರಗಳಿಂದ ಆರಂಭವಾಗುವ ಲೇಖನಗಳ ಪಟ್ಟಿಯೊಂದು ಕೆಳಗೆ ಇಳಿಯುತ್ತದೆ. ಇದರಲ್ಲಿ ವಿಶೇಷವೇನಿದೆ ಎನ್ನಬಹುದು. ಇಂದಿನ ಯಾವ ಜಾಲತಾಣವೂ ಇಷ್ಟನ್ನು ಮಾಡುತ್ತದೆ. ಆದರೆ ಈ ಚೌಕದ ಹಿಂದಿರುವ ತಂತ್ರಾಂಶದ ಮೂಲ 2002ನೆಯ ಇಸವಿಯದು. ಅದರ ಮುಂಭಾಗ, ಅಂದರೆ ಓದುಗನ ಕಣ್ಣಿಗೆ ಕಾಣುವ ಮತ್ತು ಕೈಗೆ ಸಿಗುವ ಭಾಗ, ಈ ಅವಧಿಯಲ್ಲಿ ಹಲವು ಸಲ ಬದಲಾಗಿದೆ. ಹಾಗೆ ಬದಲಿಸುವುದಕ್ಕೆಂದು ವಿಕಿಪೀಡಿಯದ ಬಾಗಿಲು ಹಾಕಿದ್ದಿಲ್ಲ. ಇದು ಹೇಗೆ ಸಾಧ್ಯವಾಯಿತು ಎನ್ನುವುದೇ ಈ ಲೇಖನದ ವಿಷಯ.

ಈ ವಿಷಯದತ್ತ ನನ್ನ ಗಮನ ಹರಿದದ್ದು ಒಂದು ಕಹಿ ಅನುಭವದಿಂದ. ನಾನು ಹಿಂದೆ ಪಾಠ ಮಾಡುತ್ತಿದ್ದ ಕಾಲೇಜೊಂದರಲ್ಲಿ ಆಂತರಿಕ ಅಂಕಗಳನ್ನು ದಾಖಲಿಸುವ ಹಳೆಯ ಜಾಲ ತಂತ್ರಾಂಶವೊಂದಿತ್ತು. ನೋಡಲು ಕುರೂಪವಾಗಿತ್ತು, ಆದರೆ ಕೆಲಸ ಮಾಡುತ್ತಿತ್ತು. ಒಂದು ಬೇಸಿಗೆ ರಜೆಯಲ್ಲಿ ಅದನ್ನು ಪೂರ್ತಿ ಕಿತ್ತುಹಾಕಿ ಹೊಸದನ್ನು ತಂದರು. ಜೂನ್‌ನಲ್ಲಿ ತೆರೆದು ನೋಡಿದರೆ ವಿದ್ಯಾರ್ಥಿಗಳ ಕನ್ನಡ ಹೆಸರುಗಳೆಲ್ಲ ರೋಮನ್ ಅಕ್ಷರ ಮತ್ತು ಚಿಹ್ನೆಗಳ ರಾಶಿಯಾಗಿದ್ದವು. ಹಳೆಯದರಲ್ಲಿ ಹೆಸರುಗಳು ಒಂದು ನಿರ್ದಿಷ್ಟ ಅಕ್ಷರಶೈಲಿಯ ಸಂಕೇತಗಳಲ್ಲಿದ್ದವು, ಹೊಸದು ಯೂನಿಕೋಡನ್ನು ನಿರೀಕ್ಷಿಸುತ್ತಿತ್ತು. ನಡುವೆ ಪರಿವರ್ತಿಸಬೇಕೆಂಬುದು ಯಾರಿಗೂ ಹೊಳೆದಿರಲಿಲ್ಲ. ಅದೂ ದೊಡ್ಡದಲ್ಲ. ಪ್ರಯೋಗಾಲಯದ ಅಂಕಗಳನ್ನು ತಂಡವಾರು ತುಂಬುವ ಸಣ್ಣ ಅನುಕೂಲವೊಂದು ಹಳೆಯದರಲ್ಲಿತ್ತು. ಯಾರೋ ಎಂದೋ ಸೇರಿಸಿದ್ದು. ಹೊಸದನ್ನು ಬರೆದವರಿಗೆ ಅದು ಇತ್ತೆಂದೇ ಗೊತ್ತಿರಲಿಲ್ಲ. ಆ ವರ್ಷ ನಾವು ಅಂಕಗಳನ್ನು ಕಾಗದದ ಮೇಲೆ ಬರೆದುಕೊಂಡೆವು.

ಹಾಗಾದರೆ ಬದಲಿಸುವ ಸರಿಯಾದ ಕ್ರಮ ಯಾವುದು? ಸ್ವಲ್ಪ ಹಿಂದಿನಿಂದ ಆರಂಭಿಸೋಣ.

ಭೌತವಿಜ್ಞಾನಿಗಳ ಮನೆಯಲ್ಲಿ ಹುಟ್ಟಿದ್ದು

ವಿಶ್ವವ್ಯಾಪಿ ಜಾಲದ ಪ್ರಸ್ತಾಪವನ್ನು ಟಿಮ್ ಬರ್ನರ್ಸ್-ಲೀ 1989ರಲ್ಲಿ ಮುಂದಿಟ್ಟದ್ದು ಜಿನೀವಾದ ಸರ್ನ್ ಪ್ರಯೋಗಾಲಯದಲ್ಲಿ. ಅಲ್ಲಿನ ಸಾವಿರಾರು ಭೌತವಿಜ್ಞಾನಿಗಳ ದಾಖಲೆಗಳನ್ನು ಪರಸ್ಪರ ಜೋಡಿಸುವುದು ಅದರ ಉದ್ದೇಶ. ಅಂದರೆ ಜಾಲಪುಟ ಎಂಬುದು ಮೂಲತಃ ಓದುವ ದಾಖಲೆ, ಯಂತ್ರವಲ್ಲ. ಆದರೂ ಅದು ಬಹುಬೇಗ ಹಳೆಯ ಯಂತ್ರಗಳಿಗೆ ಹೊಸ ಮುಖವಾಯಿತು. 1991ರ ಡಿಸೆಂಬರ್‌ನಲ್ಲಿ ಅಮೆರಿಕದ ಸ್ಲಾಕ್ ಪ್ರಯೋಗಾಲಯದಲ್ಲಿ ಪಾಲ್ ಕುಂಜ್ ಮತ್ತು ಸಂಗಡಿಗರು ಯೂರೋಪಿನ ಹೊರಗಿನ ಮೊದಲ ಜಾಲ ಸರ್ವರನ್ನು ಸ್ಥಾಪಿಸಿದರು. ಅದರ ಕೆಲಸ, ಸ್ಪೈರ್ಸ್ ಎಂಬ ಉನ್ನತ ಶಕ್ತಿ ಭೌತವಿಜ್ಞಾನದ ಪ್ರಬಂಧಸೂಚಿಯನ್ನು ಹುಡುಕಿಕೊಡುವುದು. ಸ್ಪೈರ್ಸ್ ಅದಾಗಲೇ ಎಪ್ಪತ್ತರ ದಶಕದಿಂದ ದೊಡ್ಡ ಗಣಕದಲ್ಲಿ ಓಡುತ್ತಿದ್ದ ದತ್ತಸಂಚಯ. ಕುಂಜ್ ಅದನ್ನು ಮುಟ್ಟಲಿಲ್ಲ, ಅದರ ಮುಂದೆ ಒಂದು ಜಾಲಪುಟವನ್ನು ಇಟ್ಟರು ಅಷ್ಟೆ. ನನ್ನ ಡಾಕ್ಟರೇಟ್ ಅಧ್ಯಯನದ ದಿನಗಳಲ್ಲಿ ನಾನೂ ಬಳಸಿದ್ದು ಅದನ್ನೇ. ಸ್ಪೈರ್ಸ್ ಹೋಗಿ 2012ರ ಹೊತ್ತಿಗೆ ಇನ್‌ಸ್ಪೈರ್ ಬಂದ ಮೇಲೂ ನಮ್ಮಂಥ ಹಳಬರ ಬೆರಳಿಗೆ ಅಂಟಿದ್ದ ಹುಡುಕು ಆಜ್ಞೆಗಳನ್ನು ಹೊಸ ತಂತ್ರಾಂಶ ಅರ್ಥ ಮಾಡಿಕೊಳ್ಳುತ್ತಿತ್ತು. ಬೇಕೆಂದೇ ಉಳಿಸಿಕೊಂಡದ್ದು ಅದು.

ಆ ಕಾಲದ ಜಾಲ ತಂತ್ರಾಂಶಗಳ ರಚನೆ ಸರಳ. ಓದುಗ ಒಂದು ಅರ್ಜಿಯನ್ನು ತುಂಬಿ ಗುಂಡಿ ಒತ್ತುತ್ತಾನೆ. ಸರ್ವರ್ ಲೆಕ್ಕ ಹಾಕಿ ಪೂರ್ತಿ ಹೊಸ ಪುಟವನ್ನು ಕಳಿಸುತ್ತದೆ. ಬ್ರೌಸರಿಗೆ ಸ್ವಂತ ಬುದ್ಧಿ ಬೇಕಿಲ್ಲ. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಅರ್ಜಿ ಕೊಟ್ಟು ಉತ್ತರಕ್ಕೆ ಕಾಯುವ ಹಾಗೆ.

ಕನ್ನಡ ಬಂದದ್ದು

ವಿಕಿಪೀಡಿಯ ಆರಂಭವಾದದ್ದು 2001ರ ಜನವರಿ 15ರಂದು, ಪರ್ಲ್ ಭಾಷೆಯಲ್ಲಿ ಬರೆದ ಸಣ್ಣ ತಂತ್ರಾಂಶವೊಂದರ ಮೇಲೆ. ಅದು ಭಾರ ತಾಳದಾದಾಗ ಮಾಗ್ನಸ್ ಮಾನ್ಸ್ಕೆ ಎಂಬ ಜರ್ಮನ್ ವಿದ್ಯಾರ್ಥಿ ಪಿಎಚ್‌ಪಿ ಭಾಷೆಯಲ್ಲಿ ಹೊಸದನ್ನು ಬರೆದ. 2002ರ ಜನವರಿಯಲ್ಲಿ ಅದು ಬಳಕೆಗೆ ಬಂತು. ಅದೇ ವರ್ಷದ ಜುಲೈನಲ್ಲಿ ಲೀ ಡೇನಿಯಲ್ ಕ್ರಾಕರ್ ಅದನ್ನು ಮತ್ತೆ ತಿದ್ದಿ ಬರೆದ. ಇಂದು ಮೀಡಿಯಾವಿಕಿ ಎಂಬ ಹೆಸರಿನಿಂದ ಓಡುತ್ತಿರುವುದು ಇದರ ಸಂತತಿಯೇ. ಗಮನಿಸಿ, ಪೂರ್ತಿ ತಿರುಗಿ ಬರೆಯುವ ಧೈರ್ಯವನ್ನು ಅವರು ಮಾಡಿದ್ದು ತಂತ್ರಾಂಶ ಇನ್ನೂ ಎಳೆಯದಾಗಿದ್ದಾಗ ಮಾತ್ರ.

ಕನ್ನಡ ವಿಕಿಪೀಡಿಯ 2003ರ ಜೂನ್‌ನಲ್ಲಿ ಆರಂಭವಾಯಿತು. ಆಗಿನ ಪರಿಸ್ಥಿತಿಯನ್ನು ಇಂದಿನ ವಿದ್ಯಾರ್ಥಿಗಳು ಊಹಿಸಿಕೊಳ್ಳುವುದು ಕಷ್ಟ. ಗಣಕದಲ್ಲಿ ಕನ್ನಡ ಇತ್ತು, ನುಡಿ ಇತ್ತು, ಬರಹ ಇತ್ತು. ಆದರೆ ಹೆಚ್ಚಿನವರು ಬಳಸುತ್ತಿದ್ದದ್ದು ರೋಮನ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸಿದ ಅಕ್ಷರಶೈಲಿಗಳನ್ನು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಸ್ಥಾನ ಸಿಕ್ಕಿತ್ತಾದರೂ ಅದನ್ನು ಸರಿಯಾಗಿ ತೋರಿಸುವ ಗಣಕ ಬೇಕಲ್ಲ! ವಿಂಡೋಸ್ 98ರಲ್ಲಿ ಅದು ಸರಿಬರುತ್ತಿರಲಿಲ್ಲ. ಎಕ್ಸ್‌ಪಿಯಲ್ಲಿ ತುಂಗಾ ಅಕ್ಷರಶೈಲಿ ಇದ್ದರೂ ಸಂಕೀರ್ಣ ಲಿಪಿಗಳ ಸೌಲಭ್ಯವನ್ನು ಸಿಡಿ ಹಾಕಿ ಪ್ರತ್ಯೇಕವಾಗಿ ಸ್ಥಾಪಿಸಬೇಕಿತ್ತು. ಕತ್ರಿಗುಪ್ಪೆಯ ನೀರಿನ ಟ್ಯಾಂಕಿನ ಹತ್ತಿರ ಆಗ ಇದ್ದ ಸೈಬರ್ ಕೆಫೆಯೊಂದರಲ್ಲಿ ನಾನು ಮೊದಲ ಸಲ ಕನ್ನಡ ವಿಕಿಪೀಡಿಯ ತೆರೆದಾಗ ಕಂಡದ್ದು ಸಾಲುಸಾಲು ಖಾಲಿ ಚೌಕಗಳು. ಸಿಡಿ ಕೇಳಿದ್ದಕ್ಕೆ ಕೆಫೆಯವರು ನನ್ನನ್ನು ಅನುಮಾನದಿಂದ ನೋಡಿದರು.

ಹಾಗಿದ್ದರೂ ವಿಕಿಪೀಡಿಯ ಯೂನಿಕೋಡನ್ನೇ ಹಿಡಿದದ್ದು ಕನ್ನಡದ ಪಾಲಿಗೆ ದೊಡ್ಡ ಲಾಭ. ನಮ್ಮ ಕಾಲೇಜಿನಲ್ಲಿ ಹೆಸರುಗಳಿಗೆ ಆದ ಗತಿ ಇಲ್ಲಿನ ಲೇಖನಗಳಿಗೆ ಆಗಲಿಲ್ಲ. ದತ್ತ ಸರಿಯಾದ ಸಂಕೇತದಲ್ಲಿದ್ದರೆ ಅದನ್ನು ತೋರಿಸುವ ಮುಂಭಾಗವನ್ನು ಎಷ್ಟು ಸಲ ಬೇಕಾದರೂ ಬದಲಿಸಬಹುದು.

ಬ್ರೌಸರಿಗೆ ಬುದ್ಧಿ ಬಂದಾಗ

ಬ್ರೆಂಡನ್ ಐಕ್ 1995ರಲ್ಲಿ ನೆಟ್‌ಸ್ಕೇಪ್ ಬ್ರೌಸರಿಗಾಗಿ ಹತ್ತೇ ದಿನದಲ್ಲಿ ಜಾವಾಸ್ಕ್ರಿಪ್ಟ್ ಭಾಷೆಯ ಮೊದಲ ರೂಪವನ್ನು ಸಿದ್ಧಪಡಿಸಿದ. 1999ರಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ 5, ಪುಟವನ್ನು ಬದಲಿಸದೆಯೇ ಸರ್ವರಿನಿಂದ ಮಾಹಿತಿ ತರಿಸುವ ಸೌಲಭ್ಯವನ್ನು ಕೊಟ್ಟಿತು. 2004ರಲ್ಲಿ ಜಿಮೇಲ್ ಮತ್ತು ಗೂಗಲ್ ಸಜೆಸ್ಟ್ ಅದರ ಶಕ್ತಿಯನ್ನು ಜನಕ್ಕೆ ತೋರಿಸಿದವು. ಆದರೆ ಒಂದೊಂದು ಬ್ರೌಸರಿನ ನಡತೆ ಒಂದೊಂದು ಬಗೆ. ಈ ತಲೆನೋವನ್ನು ಕಳೆದದ್ದು ಜಾನ್ ರೆಸಿಗ್ 2006ರಲ್ಲಿ ಹೊರತಂದ ಜೆಕ್ವೆರಿ. 2010ರಲ್ಲಿ ಮೀಡಿಯಾವಿಕಿಯೂ ಅದನ್ನು ಒಳಗೊಂಡಿತು. ಅದೇ ವರ್ಷ ಬಂದ ವೆಕ್ಟರ್ ಎಂಬ ಮುಖವಿನ್ಯಾಸದಲ್ಲಿ ಹುಡುಕು ಚೌಕದ ಸಲಹೆಗಳನ್ನು ತೋರಿಸುತ್ತಿದ್ದದ್ದು ಜೆಕ್ವೆರಿಯೇ.

ಕನ್ನಡಕ್ಕೆ ಇದರಿಂದ ಸಿಕ್ಕ ಮುಖ್ಯ ಉಪಯೋಗ ಬೇರೆಯದು. 2011ರಲ್ಲಿ ನಾರಾಯಂ ಎಂಬ ವಿಸ್ತರಣೆ ಬಂತು. ಗಣಕದಲ್ಲಿ ಏನನ್ನೂ ಸ್ಥಾಪಿಸದೆ, ಬ್ರೌಸರಿನ ಒಳಗೇ ಭಾರತೀಯ ಭಾಷೆಗಳಲ್ಲಿ ಬೆರಳಚ್ಚು ಮಾಡುವ ಸೌಲಭ್ಯ ಅದರದು. ಜೊತೆಗೆ ಅಕ್ಷರಶೈಲಿಯನ್ನೂ ಜಾಲದ ಮೂಲಕವೇ ಇಳಿಸುವ ವ್ಯವಸ್ಥೆ ಬಂತು. ಖಾಲಿ ಚೌಕಗಳ ಕಾಲ ಮುಗಿಯಿತು. 2013ರಲ್ಲಿ ಇವೆರಡೂ ಸೇರಿ ಸಾರ್ವತ್ರಿಕ ಭಾಷಾ ಆಯ್ಕೆಯ ಸಾಧನವಾದವು. ಅದರ ಬೆರಳಚ್ಚಿನ ಭಾಗದ ಹೆಸರು ಜೆಕ್ವೆರಿ ಐಎಮ್‌ಇ. ಕನ್ನಡಕ್ಕೆ ಅದರಲ್ಲಿ ಲಿಪ್ಯಂತರಣ, ಇನ್‌ಸ್ಕ್ರಿಪ್ಟ್ ಮತ್ತು ಕೆ. ಪಿ. ರಾವ್ ಅವರ ವಿನ್ಯಾಸವನ್ನು ಅನುಸರಿಸಿ ನುಡಿಯಲ್ಲಿ ರೂಢಿಯಾದ ಕೀಲಿಮಣೆ, ಈ ಎಲ್ಲವೂ ಇವೆ.

ಇದು ಕೆಲಸ ಮಾಡುವ ಬಗೆಯನ್ನು ಸ್ವಲ್ಪ ನೋಡೋಣ, ಮುಂದೆ ಬೇಕಾಗುತ್ತದೆ. ಲಿಪ್ಯಂತರಣದಲ್ಲಿ ನೀವು ‘ಕೆ’ ಕೀಲಿಯನ್ನು ಒತ್ತಿದರೆ ‘ಕ್’ ಮೂಡುತ್ತದೆ. ಮುಂದೆ ‘ಎ’ ಕೀಲಿಯನ್ನು ಒತ್ತಿದಾಗ ತಂತ್ರಾಂಶ ಆ ಒತ್ತನ್ನು ಬ್ರೌಸರಿಗೆ ತಲುಪದಂತೆ ತಡೆಯುತ್ತದೆ. ಕರ್ಸರಿನ ಹಿಂದಿರುವ ಕೆಲವು ಅಕ್ಷರಗಳನ್ನು ಓದುತ್ತದೆ, ನಿಯಮಗಳ ಪಟ್ಟಿಯೊಂದಿಗೆ ಹೋಲಿಸುತ್ತದೆ, ‘ಕ್’ ತೆಗೆದು ‘ಕ’ ಇಡುತ್ತದೆ. ಚೌಕದಲ್ಲಿರುವ ಪಠ್ಯವನ್ನು ನೇರವಾಗಿ ಕೈಹಾಕಿ ತಿದ್ದುವ ಕೆಲಸ ಇದು.

ಕರಿಹಲಗೆ ಮತ್ತು ಲೆಕ್ಕದ ಪುಸ್ತಕ

ಜೆಕ್ವೆರಿಯ ಶೈಲಿಯೇ ಹೀಗೆ ನೇರ ಕೈಹಾಕುವುದು. ಪುಟವನ್ನು ಒಂದು ಕರಿಹಲಗೆ ಎಂದುಕೊಳ್ಳಿ. ಹತ್ತು ಜನ ವಿದ್ಯಾರ್ಥಿಗಳು ಸೀಮೆಸುಣ್ಣ ಹಿಡಿದು ತಮತಮಗೆ ಬೇಕಾದ ಕಡೆ ಅಳಿಸಿ ಬರೆಯುತ್ತಿದ್ದಾರೆ. ಇಬ್ಬರು ಮೂವರು ಇದ್ದಾಗ ತೊಂದರೆಯಿಲ್ಲ. ಹತ್ತಾದರೆ ಒಬ್ಬ ಬರೆದದ್ದನ್ನು ಇನ್ನೊಬ್ಬ ಅಳಿಸುತ್ತಾನೆ, ಹಲಗೆಯ ಮೇಲೆ ಈಗ ಇರುವುದು ಸರಿಯೇ ತಪ್ಪೇ ಎಂದು ಹೇಳಬಲ್ಲವರು ಯಾರೂ ಉಳಿಯುವುದಿಲ್ಲ.

2010ರಲ್ಲಿ ಆಂಗ್ಯುಲರ್‌ಜೆಎಸ್, 2013ರಲ್ಲಿ ಫೇಸ್‌ಬುಕ್‌ನ ರಿಯಾಕ್ಟ್, 2014ರಲ್ಲಿ ಇವಾನ್ ಯೂ ರಚಿಸಿದ ವ್ಯೂ ಬಂದದ್ದು ಈ ಗೊಂದಲಕ್ಕೆ ಉತ್ತರವಾಗಿ. ಇವುಗಳಲ್ಲಿ ಯಾರೂ ಹಲಗೆಯನ್ನು ಮುಟ್ಟುವಂತಿಲ್ಲ. ಒಂದು ಲೆಕ್ಕದ ಪುಸ್ತಕ ಇರುತ್ತದೆ. ಬದಲಾವಣೆಯನ್ನು ಅದರಲ್ಲಿ ಬರೆದರೆ, ಅದನ್ನು ನೋಡಿ ಹಲಗೆಯನ್ನು ತಿದ್ದುವ ಕೆಲಸ ಚೌಕಟ್ಟಿನದು. ಉಷ್ಣಗತಿವಿಜ್ಞಾನ ಓದಿದವರಿಗೆ ಇದು ಬೇಗ ಅರ್ಥವಾದೀತು. ಪರದೆಯ ಮೇಲೆ ಕಾಣುವುದು ವ್ಯವಸ್ಥೆಯ ಈಗಿನ ಸ್ಥಿತಿಯನ್ನಷ್ಟೇ ಅವಲಂಬಿಸಿದೆ, ಆ ಸ್ಥಿತಿಗೆ ಬಂದ ದಾರಿಯನ್ನಲ್ಲ.

ಆದರೆ ಹತ್ತು ವರ್ಷ ಜೆಕ್ವೆರಿಯಲ್ಲಿ ಬರೆದದ್ದನ್ನು ಏನು ಮಾಡುವುದು? ಎಲ್ಲವನ್ನೂ ಒಮ್ಮೆಗೇ ಹೊಸದಾಗಿ ಬರೆಯುವ ಆಸೆ ಪ್ರತಿಯೊಬ್ಬ ತಂತ್ರಜ್ಞನಿಗೂ ಬರುತ್ತದೆ. ನೆಟ್‌ಸ್ಕೇಪ್ ಕಂಪನಿ ತನ್ನ ಬ್ರೌಸರನ್ನು ಹಾಗೆ ಬರೆಯಹೊರಟು, 1998ರಿಂದ 2000ದ ಕೊನೆಯವರೆಗೆ ಸಮಯ ತೆಗೆದುಕೊಂಡಿತು. ಅಷ್ಟರಲ್ಲಿ ಮಾರುಕಟ್ಟೆ ಮೈಕ್ರೋಸಾಫ್ಟ್ ಕೈಗೆ ಹೋಗಿತ್ತು. ಇದಕ್ಕೆ ಪರ್ಯಾಯವನ್ನು 2004ರಲ್ಲಿ ಮಾರ್ಟಿನ್ ಫೌಲರ್ ಒಂದು ಮರದ ಹೆಸರಿನಿಂದ ವರ್ಣಿಸಿದ. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ಕಾಡಿನಲ್ಲಿ ಅವನು ಕಂಡದ್ದು, ಇನ್ನೊಂದು ಮರದ ತಲೆಯಲ್ಲಿ ಮೊಳೆತು ಬೇರನ್ನು ನೆಲಕ್ಕೆ ಇಳಿಸಿ ಕ್ರಮೇಣ ಆ ಮರದ ಜಾಗವನ್ನೇ ಹಿಡಿಯುವ ಅತ್ತಿಯ ಜಾತಿಯ ಮರ. ನಮ್ಮ ಕರಾವಳಿಯಲ್ಲಿ ತಾಳೆ ಮರವನ್ನು ತಬ್ಬಿಕೊಂಡ ಗೋಳಿಯನ್ನು ನೋಡಿದವರಿಗೆ ವಿವರಿಸಬೇಕಿಲ್ಲ. ನನಗೆ ಅದಕ್ಕಿಂತ ಹಿಡಿಸುವ ಉದಾಹರಣೆ ಬೆಂಗಳೂರಿನ ಹೊರಗಿನ ದೊಡ್ಡ ಆಲದ ಮರ. ಅದರ ಮೂಲ ಕಾಂಡ ರೋಗ ತಗುಲಿ ಎಂದೋ ಹೋಯಿತು, ಬಿಳಲುಗಳು ನಿಂತಿವೆ. ನೋಡಹೋದವರಿಗೆ ಮರ ಇದ್ದೇ ಇದೆ.

ವಿಕಿಪೀಡಿಯ ಹಿಡಿದ ದಾರಿ

ಮೊದಲ ಬಿಳಲು ಇಳಿದದ್ದು ವಿಕಿಡೇಟಾದಲ್ಲಿ. 2019ರಲ್ಲಿ ಅದರ ಮೊಬೈಲ್ ಪುಟದ ಒಂದು ಭಾಗವನ್ನು ಮಾತ್ರ, ಹೆಸರು ಮತ್ತು ವಿವರಣೆ ತೋರಿಸುವ ಪೆಟ್ಟಿಗೆಯನ್ನು, ವ್ಯೂ ಬಳಸಿ ಬರೆಯಲಾಯಿತು. 2020ರ ಮಾರ್ಚ್‌ನಲ್ಲಿ ವಿಕಿಮೀಡಿಯ ಬಹಿರಂಗ ಚರ್ಚೆಯ ನಂತರ ವ್ಯೂ ಚೌಕಟ್ಟನ್ನು ಅಧಿಕೃತವಾಗಿ ಒಪ್ಪಿಕೊಂಡಿತು. ಹಳೆಯ ಪುಟದೊಳಗೆ ಒಂದು ಸಣ್ಣ ಮೂಲೆಯಲ್ಲಿ ನೆಲೆಸಿ ಬೆಳೆಯಬಲ್ಲದು ಎಂಬುದು ವ್ಯೂ ಪರವಾದ ಮುಖ್ಯ ವಾದಗಳಲ್ಲೊಂದು. ಇನ್ನೊಂದು, ಬರೆದ ಸಂಕೇತವನ್ನು ಪ್ರತ್ಯೇಕ ಉಪಕರಣಗಳಿಂದ ಸಂಸ್ಕರಿಸದೆ ಹಾಗೇ ಓಡಿಸಲು ಸಾಧ್ಯ. ಸ್ವಯಂಸೇವಕರು ಪುಟದಲ್ಲೇ ಸಂಕೇತ ಬರೆದು ಉಳಿಸುವ ವಿಕಿಯಲ್ಲಿ ಇದು ಸಣ್ಣ ಮಾತಲ್ಲ.

ಮೊದಲು ಬದಲಾದವುಗಳಲ್ಲಿ ನಮ್ಮ ಹುಡುಕು ಚೌಕವೂ ಒಂದು. ಹೊಸ ವೆಕ್ಟರ್ ವಿನ್ಯಾಸದಲ್ಲಿ ಅದು ನಡೆದುಕೊಳ್ಳುವ ರೀತಿ ನೋಡಿ. ಪುಟ ತೆರೆದಾಗ ಸರ್ವರ್ ಕಳಿಸುವುದು 1990ರ ದಶಕದ ಹಳೆಯ ಅರ್ಜಿಯನ್ನೇ. ನೀವು ಚೌಕದ ಮೇಲೆ ಕ್ಲಿಕ್ಕಿಸಿದಾಗ ಮಾತ್ರ ವ್ಯೂ ಮತ್ತು ಅದರಲ್ಲಿ ಬರೆದ ಹುಡುಕು ಘಟಕ ಇಳಿದುಬಂದು, ಅರ್ಜಿಯ ಸ್ಥಾನದಲ್ಲಿ ಕೂರುತ್ತವೆ. ಅಷ್ಟರೊಳಗೆ ನೀವು ಬೆರಳಚ್ಚು ಮಾಡಿದ್ದು ಕಳೆಯಬಾರದು, ಕರ್ಸರ್ ಅಲ್ಲೇ ಇರಬೇಕು. ಸಂಪರ್ಕ ಕೆಟ್ಟು ವ್ಯೂ ಬಾರದೇ ಹೋದರೆ? ಹಳೆಯ ಅರ್ಜಿ ಇದ್ದೇ ಇದೆ, ಎಂಟರ್ ಒತ್ತಿದರೆ ಉತ್ತರ ಬರುತ್ತದೆ.

ಹೊಸ ವಿನ್ಯಾಸವೂ ಒಂದೇ ದಿನ ಎಲ್ಲ ಕಡೆ ಬರಲಿಲ್ಲ. 2020ರಲ್ಲಿ ಫ್ರೆಂಚ್, ಹೀಬ್ರೂ, ಬಾಸ್ಕ್, ಪಾರ್ಸಿ ಮೊದಲಾದ ಕೆಲವು ಸಮುದಾಯಗಳಲ್ಲಿ ಪ್ರಯೋಗವಾಯಿತು. ಇಂಗ್ಲಿಷ್ ವಿಕಿಪೀಡಿಯಕ್ಕೆ ಬಂದದ್ದು 2023ರ ಜನವರಿ 18ರಂದು. ಅಲ್ಲಿ ಅದನ್ನು ಹಿಂತೆಗೆಯಬೇಕೆಂದು ಭಾರೀ ಚರ್ಚೆಯೇ ನಡೆಯಿತು. ಲೇಖನದ ಭಾಗಗಳನ್ನು ಮೊಬೈಲಿನಲ್ಲಿ ಅನುವಾದಿಸುವ ಸಾಧನವನ್ನು ವ್ಯೂನಲ್ಲೇ ಬರೆದು 2021ರಲ್ಲಿ ಮೊದಲು ಬಂಗಾಳಿಯಲ್ಲಿ ಪರೀಕ್ಷಿಸಿದರು. 2022ರಿಂದ ಗುಂಡಿ, ಪಟ್ಟಿ, ಚೌಕ ಮುಂತಾದ ಸಿದ್ಧ ಘಟಕಗಳ ಸಂಗ್ರಹವಾದ ಕೋಡೆಕ್ಸ್ ಬರತೊಡಗಿತು. ಈ ನಡುವೆ ವ್ಯೂ ತಾನೇ ಎರಡನೆಯ ಆವೃತ್ತಿಯಿಂದ ಮೂರಕ್ಕೆ ಜಿಗಿದು, ಎರಡನೆಯದು 2023ರ ಕೊನೆಗೆ ನಿವೃತ್ತವಾಯಿತು! ಹಳೆಯ ನಡವಳಿಕೆಯನ್ನು ಅನುಕರಿಸುವ ಸೇತುವೆ ಆವೃತ್ತಿಯೊಂದನ್ನು ಬಳಸಿ ಅದನ್ನೂ ದಾಟಿದರು. ಹೊಸ ಚೌಕಟ್ಟು ಎಂಬುದೂ ಬೇಗ ಹಳತಾಗುವ ವಸ್ತುವೇ. ಆಂಗ್ಯುಲರ್‌ಜೆಎಸ್ ಅಂತೂ 2021ರ ಅಂತ್ಯಕ್ಕೇ ಕಣ್ಣುಮುಚ್ಚಿತು.

ನಿಧಾನ ಎಂದರೆ ಎಷ್ಟು ನಿಧಾನ?

1911ರ ಸಾಲ್ವೆ ಸಮ್ಮೇಳನದಲ್ಲಿ ಲೊರೆಂಟ್ಜ್ ಒಂದು ಪ್ರಶ್ನೆ ಎತ್ತಿದರು. ಆಡುತ್ತಿರುವ ಲೋಲಕದ ದಾರವನ್ನು ಬೆರಳುಗಳ ನಡುವೆ ಹಿಡಿದು ಗಿಡ್ಡ ಮಾಡುತ್ತಾ ಹೋದರೆ ಏನಾಗುತ್ತದೆ? ಐನ್‌ಸ್ಟೈನ್ ಕೊಟ್ಟ ಉತ್ತರ: ಬದಲಾವಣೆ ಅತಿ ನಿಧಾನವಾಗಿದ್ದರೆ ಶಕ್ತಿ ಮತ್ತು ಆವರ್ತನೆಗಳ ಅನುಪಾತ ಬದಲಾಗುವುದಿಲ್ಲ. ಇಲ್ಲಿ ‘ನಿಧಾನ’ ಎಂಬುದಕ್ಕೆ ಸೆಕೆಂಡುಗಳ ಲೆಕ್ಕವಿಲ್ಲ. ಲೋಲಕದ ಸ್ವಂತ ಆವರ್ತ ಕಾಲಕ್ಕೆ ಹೋಲಿಸಿದರೆ ನಿಧಾನ ಎಂದಷ್ಟೇ ಅರ್ಥ. ಅದೇ ವೇಗ ಗಿಡ್ಡ ಲೋಲಕಕ್ಕೆ ನಿಧಾನ, ಉದ್ದ ಲೋಲಕಕ್ಕೆ ಹಠಾತ್.

ಕನ್ನಡ ವಿಕಿಪೀಡಿಯದ ಮಟ್ಟಿಗೆ ಕಷ್ಟ ಇರುವುದು ಇಲ್ಲಿ ಎಂದು ನನ್ನ ಅಭಿಪ್ರಾಯ. ಪ್ರತಿ ಭಾಷೆಯ ಸಮುದಾಯವೂ ತನ್ನ ಅನುಕೂಲಕ್ಕೆ ಗ್ಯಾಜೆಟ್ ಎಂಬ ಸಣ್ಣ ತಂತ್ರಾಂಶಗಳನ್ನು ಬರೆದುಕೊಂಡಿರುತ್ತದೆ. ಪುಟದ ಹಳೆಯ ರಚನೆಯನ್ನು, ಜೆಕ್ವೆರಿಯ ಹಳೆಯ ಆಜ್ಞೆಗಳನ್ನು ಅವು ನಂಬಿಕೊಂಡಿರುತ್ತವೆ. 2017ರಲ್ಲಿ ಜೆಕ್ವೆರಿಯ ಮೂರನೆಯ ಆವೃತ್ತಿ ಬಂದಾಗ ಹಳೆಯ ಆಜ್ಞೆಗಳು ಕೂಡಲೇ ಸಾಯದಂತೆ ಒಂದು ಮಧ್ಯವರ್ತಿಯನ್ನು ಇಟ್ಟು, ಬ್ರೌಸರಿನ ಕನ್ಸೋಲಿನಲ್ಲಿ ಎಚ್ಚರಿಕೆ ಬರೆಸಿದರು. ಇಂಗ್ಲಿಷ್ ಅಥವಾ ಜರ್ಮನ್ ವಿಕಿಪೀಡಿಯದಲ್ಲಿ ಆ ಎಚ್ಚರಿಕೆಯನ್ನು ಓದುವವರಿದ್ದಾರೆ. ಲೇಖನಗಳ ಸಂಖ್ಯೆ ಮೂವತ್ತು ಸಾವಿರ ದಾಟಿದ ಕನ್ನಡದಲ್ಲಿ, ಲೇಖನ ಬರೆಯುವವರೇ ಕಡಿಮೆ. ಅವರಲ್ಲಿ ಕನ್ಸೋಲ್ ತೆರೆದು ನೋಡುವವರು ಇನ್ನೂ ಕಡಿಮೆ. 2016ರಲ್ಲಿ ಆರಂಭವಾದ, ಕನ್ನಡ ಲಿಪಿಯನ್ನೇ ಬಳಸುವ ತುಳು ವಿಕಿಪೀಡಿಯದ ಸ್ಥಿತಿ ಇದಕ್ಕಿಂತ ಸೂಕ್ಷ್ಮ. ಲೋಲಕ ಉದ್ದವಾದಷ್ಟೂ ದಾರ ಎಳೆಯುವವರು ತಾಳಿಕೊಳ್ಳಬೇಕು.

ಬೆರಳಚ್ಚಿನ ವಿಷಯಕ್ಕೆ ಬರೋಣ. ಜೆಕ್ವೆರಿ ಐಎಮ್‌ಇ ಕೀಲಿಯ ಒತ್ತನ್ನು ತಡೆದು ಪಠ್ಯವನ್ನು ತಾನೇ ತಿದ್ದುತ್ತದೆ ಎಂದೆನಲ್ಲವೆ? ಹಾಗೆ ತಡೆದಾಗ, ‘ಇಲ್ಲಿ ಪಠ್ಯ ಬದಲಾಯಿತು’ ಎಂದು ಬ್ರೌಸರ್ ಸಾಮಾನ್ಯವಾಗಿ ಕೊಡುವ ಸೂಚನೆ ಹೊರಡುವುದಿಲ್ಲ. ವ್ಯೂ ಕಾಯುವುದು ಆ ಸೂಚನೆಗಾಗಿಯೇ. ತಿದ್ದಿದವರು ಸೂಚನೆಯನ್ನು ತಾವಾಗಿ ಹೊರಡಿಸದಿದ್ದರೆ ಹಲಗೆಯ ಮೇಲೆ ‘ಕ’ ಇರುತ್ತದೆ, ಲೆಕ್ಕದ ಪುಸ್ತಕದಲ್ಲಿ ‘ಕ್’ ಉಳಿಯುತ್ತದೆ. ಓದುಗನ ಕಣ್ಣಿಗೆ ಸರಿ ಕಂಡದ್ದು ತಂತ್ರಾಂಶಕ್ಕೆ ಬೇರೆಯೇ ಆಗಿರುತ್ತದೆ. ಇನ್ನೊಂದು ತೊಡಕೂ ಇದೆ. ಚೀನಿ, ಜಪಾನಿ, ಕೊರಿಯನ್ ಭಾಷೆಗಳಲ್ಲಿ ಅಕ್ಷರವೊಂದು ಹಲವು ಒತ್ತುಗಳಿಂದ ಕೂಡಿಬರುವಾಗ, ಅದು ಪೂರ್ಣವಾಗುವ ತನಕ ವ್ಯೂ ತನ್ನ ಪುಸ್ತಕವನ್ನು ತಿದ್ದುವುದಿಲ್ಲ. ಅದರ ಕೈಪಿಡಿಯಲ್ಲೇ ಇದನ್ನು ಹೇಳಿದೆ. ಆಂಡ್ರಾಯ್ಡ್ ಫೋನಿನ ಕೀಲಿಮಣೆಗಳು ಎಷ್ಟೋ ಸಲ ಇಡೀ ಪದವನ್ನೇ ಹೀಗೆ ಅಪೂರ್ಣವೆಂದು ಹಿಡಿದಿಟ್ಟುಕೊಳ್ಳುತ್ತವೆ. ಆಗ ಪದ ಮುಗಿಯುವ ತನಕ ಸಲಹೆಗಳ ಪಟ್ಟಿ ಇಳಿಯುವುದಿಲ್ಲ. ಪರಿಹಾರ ಕಷ್ಟದ್ದಲ್ಲ, ಸೂಚನೆಯನ್ನು ನೇರವಾಗಿ ಆಲಿಸುವಂತೆ ಬರೆದರಾಯಿತು. ಆದರೆ ಕನ್ನಡದಲ್ಲಿ ಹೀಗಾಗುತ್ತದೆ ಎಂದು ಮೊದಲು ಯಾರಾದರೂ ಗಮನಿಸಿ ತಿಳಿಸಬೇಕು. ರೋಮನ್ ಲಿಪಿಯಲ್ಲಿ ಪರೀಕ್ಷಿಸುವವರ ಕಣ್ಣಿಗೆ ಇದು ಎಂದೂ ಬೀಳುವುದಿಲ್ಲ.

ಜೆಕ್ವೆರಿ ವಿಕಿಪೀಡಿಯದಿಂದ ಇನ್ನೂ ಹೋಗಿಲ್ಲ. ಒಂದೇ ಪುಟದಲ್ಲಿ ಪಿಎಚ್‌ಪಿ ಕಟ್ಟಿಕೊಟ್ಟ ಲೇಖನ, ಜೆಕ್ವೆರಿ ನಂಬಿದ ಸಾಧನಗಳು, ವ್ಯೂನಲ್ಲಿ ಬರೆದ ಹುಡುಕು ಘಟಕ ಒಟ್ಟಿಗೆ ಬಾಳುತ್ತಿವೆ. ಅಚ್ಚುಕಟ್ಟನ್ನು ಬಯಸುವವರಿಗೆ ಇದು ಕಣ್ಣುಕಿಸುರು.

ತರಗತಿಯಲ್ಲಿ ಮಾಡಬಹುದಾದ ಒಂದು ಪ್ರಯೋಗವಿದೆ. ಬ್ರೌಸರಿನ ಆಯ್ಕೆಗಳಲ್ಲಿ ಜಾವಾಸ್ಕ್ರಿಪ್ಟನ್ನು ನಿಲ್ಲಿಸಿ. ದಿನನಿತ್ಯ ಬಳಸುವ ನಾಲ್ಕಾರು ಜಾಲತಾಣಗಳನ್ನು ತೆರೆಯಲು ವಿದ್ಯಾರ್ಥಿಗಳಿಗೆ ಹೇಳಿ, ಯಾವುದು ಖಾಲಿ ಪುಟವಾಗುತ್ತದೆ, ಯಾವುದು ಉಳಿಯುತ್ತದೆ ಎಂದು ಬರೆದುಕೊಳ್ಳಲಿ. ನಂತರ ಕನ್ನಡ ವಿಕಿಪೀಡಿಯ ತೆರೆದು ಗಣಕದ ಸ್ವಂತ ಕನ್ನಡ ಕೀಲಿಮಣೆಯಿಂದ ‘ಗುರುತ್ವ’ ಎಂದು ಹುಡುಕು ಚೌಕದಲ್ಲಿ ತುಂಬಿ ಎಂಟರ್ ಒತ್ತಿ. ಸಲಹೆಗಳ ಪಟ್ಟಿ ಇಳಿಯುವುದಿಲ್ಲ. ಲೇಖನ ಸಿಗುತ್ತದೆ.